ತೆಂಗಿನ ಸೀಮೆಯ ಜೀಪಿಗೆ ತುಕ್ಕು ಎಲ್ಲಿಂದ?

ತುಕ್ಕೆಂದರೆ ಕರಾವಳಿಯ ಕಾಯಿಲೆ ಎಂದೇ ನಮ್ಮ ನಂಬಿಕೆ. ಕಾರವಾರದ ಕಿಟಕಿ ಸರಳು, ಕುಂದಾಪುರದ ಗೇಟು ಉಪ್ಪುಗಾಳಿಗೆ ಉದುರುವುದನ್ನು ಎಲ್ಲರೂ ನೋಡಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ಆ ಗಾಳಿ ಮುಟ್ಟುವುದಿಲ್ಲ. ಸಮುದ್ರ ಘಟ್ಟದ ಆಚೆ ಉಳಿಯಿತು. ಮಳೆಯೋ, ಕರಾವಳಿಯಲ್ಲಿ ಬೀಳುವುದರ ಐದನೇ ಒಂದು ಪಾಲು ಬಿದ್ದರೆ ಹೆಚ್ಚು. ಆದರೂ ಇಲ್ಲಿಯ ತೋಟದ ಮನೆಯೊಂದರ ಶೆಡ್ಡಿನಲ್ಲಿ ನಿಂತ ಹಳೆಯ ಜೀಪಿನ ರಬ್ಬರ್ ಮ್ಯಾಟ್ ಎತ್ತಿ ನೋಡಿ. ಮೇಲಿನ ಬಣ್ಣ ಗಟ್ಟಿಯಾಗಿಯೇ ಇರುತ್ತದೆ, ಕಾಲಿಡುವ ಜಾಗದಲ್ಲಿ ಮಾತ್ರ ತಗಡು ತೂತಾಗಿ ಕೆಳಗಿನ ಮಣ್ಣು ಕಾಣುತ್ತದೆ. ಉಪ್ಪು ಇಲ್ಲಿಗೂ ಬಂದಿದೆ. ಅದು ಬಂದದ್ದು ಗೊಬ್ಬರದ ಚೀಲದಲ್ಲಿ.

ಫಲಕ್ಕೆ ಬಂದ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಅಷ್ಟು ಪೊಟ್ಯಾಷ್ ಸಿಗಬೇಕಾದರೆ ಮರವೊಂದಕ್ಕೆ 2 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕು. ನೂರು ಮರದ ತೋಟಕ್ಕೆ 200 ಕಿಲೋ, ಅಂದರೆ 50 ಕಿಲೋದ ನಾಲ್ಕು ಚೀಲ. ಈ ಗೊಬ್ಬರ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಕ್ಲೋರೈಡ್. ಗಾಳಿಯ ತೇವಾಂಶ ಶೇ. 84 ದಾಟಿದರೆ ಯಾರೂ ನೀರು ಹಾಕದಿದ್ದರೂ ಅದು ಗಾಳಿಯಿಂದಲೇ ನೀರು ಹೀರಿ ಕರಗಿಬಿಡುತ್ತದೆ. ಯೂರಿಯಾ ಜೊತೆ ಬೆರೆತಿದ್ದರೆ ಅಷ್ಟು ತೇವವೂ ಬೇಡ. ಮಳೆಗಾಲದ ರಾತ್ರಿ, ಕಾರ್ತಿಕದ ಇಬ್ಬನಿಯ ಮುಂಜಾವು ಸಾಕು. ಹರಿದ ಚೀಲದಿಂದ ಜೀಪಿನ ಹಿಂಬದಿಯ ಮೂಲೆಗೆ ಸುರಿದ ಒಂದು ಹಿಡಿ ಪೊಟ್ಯಾಷ್ ಹೀಗೆ ಒದ್ದೆಯಾಗುತ್ತ, ಒಣಗುತ್ತ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ಇದರ ಮೇಲೆ ತೆಂಗಿನಕಾಯಿಯ ಪಾಲೂ ಇದೆ. ಒಡೆದ ಕಾಯಿಯ ನೀರು ತುಸು ಆಮ್ಲೀಯ, ಅದರಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಎರಡೂ ಇರುತ್ತವೆ. ಚೆಲ್ಲಿದ ಮೇಲೆ ಹುಳಿತು ಆಮ್ಲ ಇನ್ನೂ ಏರುತ್ತದೆ. ಮೂಲೆ ಸೇರಿದ ಸಿಪ್ಪೆಯ ನಾರು, ನಾರಿನ ಪುಡಿ ಆ ನೀರನ್ನು ಕುಡಿದು ದಿನಗಟ್ಟಲೆ ಹಿಡಿದುಕೊಳ್ಳುತ್ತವೆ. ನರ್ಸರಿಯವರು ಕುಂಡಕ್ಕೆ ನಾರಿನ ಪುಡಿ ತುಂಬುವುದು ಯಾವ ಗುಣಕ್ಕಾಗಿಯೋ ಅದೇ ಗುಣ ಜೀಪಿನ ತಗಡಿಗೆ ಶತ್ರು.

ತುಕ್ಕು ಹಿಡಿಯುವುದು ಒಂದು ವಿದ್ಯುತ್ ಕ್ರಿಯೆ. ತಗಡಿನ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟು ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನ್‌ಗಳು ತಗಡಿನೊಳಗೇ ಹರಿದು ಮತ್ತೊಂದು ಜಾಗ ಸೇರುತ್ತವೆ; ಅಲ್ಲಿ ನೀರು ಮತ್ತು ಗಾಳಿಯ ಆಮ್ಲಜನಕ ಅವನ್ನು ತೆಗೆದುಕೊಳ್ಳುತ್ತವೆ. ಮೊದಲನೆಯದು ಆನೋಡ್, ಎರಡನೆಯದು ಕ್ಯಾಥೋಡ್. ಸರ್ಕ್ಯೂಟ್ ಪೂರ್ತಿಯಾಗಲು ನೀರಿನಲ್ಲಿ ಅಯಾನುಗಳು ಓಡಾಡಬೇಕು. ಮಳೆನೀರಿನಲ್ಲಿ ಅವು ವಿರಳ, ಪೊಟ್ಯಾಷ್ ಕರಗಿದ ನೀರಿನಲ್ಲಿ ಧಾರಾಳ. ಸಾಲದ್ದಕ್ಕೆ ಕಬ್ಬಿಣದ ಮೇಲೆ ತಾನಾಗಿ ಮೂಡುವ ತೆಳುವಾದ ರಕ್ಷಣೆಯ ಪದರವನ್ನೂ ಕ್ಲೋರೈಡ್ ಭೇದಿಸುತ್ತದೆ.

ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಎವನ್ಸ್ 1920ರ ದಶಕದಲ್ಲಿ ಒಂದು ಹನಿ ಉಪ್ಪುನೀರಿನಿಂದ ಇದರ ಒಳಗುಟ್ಟು ತೋರಿಸಿಕೊಟ್ಟರು. ಉಪ್ಪು ಕಾಗದದಲ್ಲಿ ಉಜ್ಜಿ ಹೊಳೆಸಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಬಿಟ್ಟು ಕೆಲವು ಗಂಟೆ ಕಾಯ್ದರೆ ನೀವೂ ಇದನ್ನು ಮನೆಯಲ್ಲೇ ನೋಡಬಹುದು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ಅಲ್ಲೇ ಹೆಚ್ಚು ತುಕ್ಕು ಹಿಡಿಯಬೇಕು ಅನ್ನಿಸುತ್ತದೆ. ಹಾಗಾಗುವುದಿಲ್ಲ. ಆಮ್ಲಜನಕ ಸಿಗುವ ಅಂಚು ಕ್ಯಾಥೋಡ್ ಆಗಿ ಉಳಿದುಕೊಳ್ಳುತ್ತದೆ. ಆಮ್ಲಜನಕ ತಲುಪದ ನಡುಭಾಗ ಆನೋಡ್ ಆಗಿ ಸವೆಯುತ್ತದೆ. ಎರಡರ ಮಧ್ಯೆ ಕಂದು ಬಣ್ಣದ ಬಳೆ ಮೂಡುತ್ತದೆ. ಜೀಪಿನ ಮ್ಯಾಟ್ ಅಡಿಯಲ್ಲಿ ನಡೆಯುವುದೂ ಇದೇ. ಒದ್ದೆ ನಾರು, ಕೆಸರು, ರಬ್ಬರು ಮುಚ್ಚಿರುವ ಕಡೆ ಗಾಳಿ ಇಲ್ಲ, ಆದ್ದರಿಂದ ಅಲ್ಲೇ ತಗಡು ಕೊರೆದು ಹೋಗುತ್ತದೆ. ಬಿಸಿಲು ಗಾಳಿಗೆ ಬಿದ್ದ ಬಾನೆಟ್ಟಿನ ಮೇಲಿನ ಕೆಂಪು ಕಣ್ಣಿಗೆ ಕೆಟ್ಟದಾಗಿ ಕಂಡರೂ ಅಷ್ಟು ಅಪಾಯವಲ್ಲ. ಕಾಣದ ಕಡೆಯ ತುಕ್ಕಿಗೇ ಹೆದರಬೇಕು.

ತುಕ್ಕಿನಂತೆಯೇ ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಬ್ಬಿಣದ ಅದಿರು ಕೂಡ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತವೇ. ಕುಲುಮೆಯಲ್ಲಿ ಇಂಗಾಲ ಉರಿಸಿ, ಅಪಾರ ಶಾಖ ವ್ಯಯಿಸಿ ಆ ಆಮ್ಲಜನಕವನ್ನು ಕಿತ್ತು ಉಕ್ಕು ಮಾಡುತ್ತಾರೆ. ಅವಕಾಶ ಸಿಕ್ಕ ಕಡೆ ಉಕ್ಕು ಅದನ್ನು ಮರಳಿ ಪಡೆಯುತ್ತದೆ. ಹಾಗೆ ಪಡೆದಾಗ ಹಿಗ್ಗುತ್ತದೆ: ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಅಂಚುಗಳು ಉಬ್ಬಿ ಬಿರಿಯುವುದು ಇದೇ ಒತ್ತಡಕ್ಕೆ.

ನಮ್ಮ ಹಳ್ಳಿಗಳ ಜೀಪು ಹುಟ್ಟಿನಲ್ಲಿ ಅಮೆರಿಕದ್ದು. ಎರಡನೇ ಮಹಾಯುದ್ಧಕ್ಕಾಗಿ ಒಹಾಯೊ ರಾಜ್ಯದ ಟೊಲಿಡೊದಲ್ಲಿ ವಿಲ್ಲಿಸ್ ಕಂಪನಿ 1941ರಿಂದ ತಯಾರಿಸಿದ ಗಾಡಿಯ ವಂಶ ಅದು. ಮಹೀಂದ್ರ 1940ರ ದಶಕದ ಕೊನೆಯಲ್ಲಿ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1953ರಿಂದ 1968ರವರೆಗೆ ಮಾತ್ರ ತಯಾರಾಯಿತು. ಇಲ್ಲಿ ಅದರ ರೂಪಗಳು ಆಮೇಲೂ ದಶಕಗಳ ಕಾಲ ಬಂದವು. ಅಮೆರಿಕದ ಹಳೆಯ ಕಾರುಗಳ ಹವ್ಯಾಸಿಗಳು 1964ರ ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್‌ಗಳನ್ನು ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ರಿಪೇರಿ ಮಾಡುತ್ತಾರೆ. ಅವರ ಶತ್ರುವೂ ಕ್ಲೋರೈಡೇ. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಅಲ್ಲಿ ಉಪ್ಪು ಎರಚುತ್ತಾರೆ. ಗಾಜಿನ ಮುಂದಿನ ಗಾಳಿಕಿಂಡಿಯೊಳಗೆ ನೀರು, ಎಲೆ ನಿಂತು ತಗಡು ಕೊಳೆತು ಒಳಗೆ ಕೂತವರ ಕಾಲ ಮೇಲೆ ನೀರು ತೊಟ್ಟಿಕ್ಕುವುದು ಆ ಕಾಲದ ಮಸ್ಟಾಂಗ್‌ಗಳ ಹೆಸರಾಂತ ದೋಷ.

ಮನೆಯಲ್ಲೇ ರಿಪೇರಿ ಮಾಡುವವರಿಗೆ ಜೀಪಿನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಅದರ ಚಾಸಿ ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿದರೆ ಬಾಡಿಯನ್ನು ನಾಲ್ಕು ಜನ ಎತ್ತಿ ಪಕ್ಕಕ್ಕಿಡಬಹುದು. ನೆಲದ ತಗಡು ಕತ್ತರಿಸಿದರೆ ಗಾಡಿಯ ಬೆನ್ನು ಮುರಿಯುವುದಿಲ್ಲ. ಅಂಬಾಸಡರ್, ಪದ್ಮಿನಿಗಳದು ಹಾಗಲ್ಲ. ಅವುಗಳಲ್ಲಿ ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿ ಕೊಳೆತಿದ್ದರೆ ಆಸರೆ ಕೊಡದೆ ಅದನ್ನು ಕತ್ತರಿಸಬಾರದು, ಗಾಡಿ ನಡುವಿನಲ್ಲಿ ಬಾಗಿ ಬಾಗಿಲೇ ಮುಚ್ಚದಂತಾಗುತ್ತದೆ. ಜೀಪಿನಲ್ಲೂ ಚಾಸಿಗೆ ತುಕ್ಕು ಹತ್ತಿದ್ದರೆ, ಸ್ಪ್ರಿಂಗ್ ಕೂರುವ ಜಾಗ ಸವೆದಿದ್ದರೆ ಅದು ಮನೆಯ ಕೆಲಸವಲ್ಲ. ಪಳಗಿದ ವೆಲ್ಡರ್ ಕೈಗೇ ಕೊಡಿ.

ಮೊದಲು ತಗಡು ಎಷ್ಟು ಉಳಿದಿದೆ ಎಂದು ತಿಳಿಯಬೇಕು. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಕೊಡುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅಯಸ್ಕಾಂತ ಹಿಡಿಯದ ಕಡೆ ಹಿಂದಿನವರು ಪುಟ್ಟಿ ಮೆತ್ತಿದ್ದಾರೆ ಎಂದೇ ಅರ್ಥ. ಕೊಳೆತ ತಗಡಿನ ಮೇಲೆ ಪುಟ್ಟಿ ಹಾಕಿ ಬಣ್ಣ ಹೊಡೆದು ಮಾರುವುದು ಕೊಳ್ಳುವವನಿಗೆ ಮಾಡುವ ಮೋಸ. ಪುಟ್ಟಿಯ ಪುಡಿ ತೇವ ಹೀರುತ್ತದೆ. ಅದರ ಮರೆಯಲ್ಲಿ ತುಕ್ಕು ಇನ್ನೂ ಜೋರಾಗಿ ಕೆಲಸ ಮಾಡುತ್ತದೆ.

ಕತ್ತರಿಸುವಾಗ ಜಿಪುಣತನ ಬೇಡ. ತೂತಿನ ಸುತ್ತ ಹೊಳೆಯುವ ಒಳ್ಳೆಯ ಉಕ್ಕು ಕಾಣುವವರೆಗೆ ತೆಗೆಯಿರಿ. ತೇಪೆಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡು ಸಾಕು. ಮೂಲೆಗಳನ್ನು ದುಂಡಗೆ ಮಾಡಿಕೊಳ್ಳಿ, ಚೂಪು ಮೂಲೆಯಿಂದ ಬಿರುಕು ಹೊರಡುತ್ತದೆ. ತೇಪೆಯನ್ನು ತೂತಿಗೆ ಸರಿಯಾಗಿ ಕೂರುವಂತೆ ಕತ್ತರಿಸಿ ಅಂಚಿಗೆ ಅಂಚು ಬೆಸೆಯುವುದು ಉತ್ತಮ. ಹಳೆಯದರ ಮೇಲೆ ಹೊಸದನ್ನು ಹೊದಿಸಿ ಬೆಸೆದರೆ ಮಧ್ಯೆ ನೀರು ನಿಲ್ಲುವ ಹೊಸ ಸಂದು ಸಿದ್ಧವಾಯಿತು.

ಬೆಸುಗೆಯಲ್ಲಿ ತಗಡು ಕೆಡುವುದು ಶಾಖದಿಂದ. ಒಂದು ಮೀಟರ್ ಉಕ್ಕಿನ ಪಟ್ಟಿ 500 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದಕ್ಕೆ ಜಾಗ ಬಿಡದ್ದರಿಂದ ಉಬ್ಬುತ್ತದೆ, ಆರಿದಾಗ ಸೆಳೆದುಕೊಂಡು ಸೊಟ್ಟಗಾಗುತ್ತದೆ. ಹಾಗಾಗಿ ಒಂದು ಕಡೆಯಿಂದ ಗೆರೆ ಎಳೆದಂತೆ ಬೆಸೆಯಬಾರದು. ಇಲ್ಲೊಂದು ಟ್ಯಾಕ್ (ಚುಕ್ಕೆ ಬೆಸುಗೆ), ಎದುರು ಅಂಚಿಗೆ ಒಂದು, ಆರಲು ಬಿಟ್ಟು ಮತ್ತೆರಡು, ಹೀಗೆ ಸುತ್ತು ಬರಬೇಕು. ಗೇಟು, ಗ್ರಿಲ್ಲು ಮಾಡುವ ರಾಡ್ ವೆಲ್ಡಿಂಗ್ ಈ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ಸಿಒ2 ವೆಲ್ಡಿಂಗ್ ಒಳ್ಳೆಯದು, ಕೈ ಪಳಗಿದ್ದರೆ ಗ್ಯಾಸ್ ವೆಲ್ಡಿಂಗೂ ಆಗುತ್ತದೆ.

ಜೀವಕ್ಕೆ ಸಂಬಂಧಿಸಿದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಜೀಪುಗಳಲ್ಲಿ ಇಂಧನದ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲಿರುತ್ತದೆ. ಬೆಂಕಿ ಹಚ್ಚುವ ಮುನ್ನ ಅದನ್ನು ಬಿಚ್ಚಿ ದೂರ ಇಡಿ. ಪೆಟ್ರೋಲ್ ಖಾಲಿ ಮಾಡಿದ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯಕಾರಿ, ಒಳಗಿನ ಆವಿ ಸಿಡಿಯುತ್ತದೆ. ಬ್ಯಾಟರಿ ಕಳಚಿ. ಸತು ಲೇಪಿಸಿದ ತಗಡು ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದರೆ ಚಳಿ ಜ್ವರ ಬರುತ್ತದೆ, ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ನೀರು ಹಾಕಿಕೊಂಡು ಉಜ್ಜಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಗುಂಡಿಬಿದ್ದ ಕಡೆ ಉಜ್ಜಿದರೂ ತುಕ್ಕಿನ ಕಲೆ ಉಳಿಯುತ್ತದೆ. ಅದನ್ನು ನಿಷ್ಕ್ರಿಯ ಮಾಡುವ ದ್ರಾವಣಗಳಲ್ಲಿ ಎರಡು ಬಗೆ. ಫಾಸ್ಫಾರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ಟ್ಯಾನಿನ್‌ನದು ಕಪ್ಪು ಬಣ್ಣದ, ನೀರಿಗೆ ಸುಲಭವಾಗಿ ಜಗ್ಗದ ಟ್ಯಾನೇಟ್ ಮಾಡುತ್ತದೆ. ಎರಡನೆಯದು ತೆಂಗಿನ ಸೀಮೆಗೆ ಹೊಸದೇನಲ್ಲ. ಎಳನೀರು ಕೆತ್ತಿದ ಮಚ್ಚು ಕಪ್ಪಾಗುವುದು ಸಿಪ್ಪೆಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದ್ದರಿಂದ. ಅಣಲೆಕಾಯಿಗೆ ಕಬ್ಬಿಣ ಬೆರೆಸಿ ಶಾಯಿ ಮಾಡುತ್ತಿದ್ದುದೂ ಅದೇ ರಸಾಯನ ಕ್ರಿಯೆ. ಹಾಗೆಂದು ಸಿಪ್ಪೆಯನ್ನೇ ತಗಡಿಗೆ ತಿಕ್ಕಬೇಡಿ, ಅದರಲ್ಲಿ ಪೊಟ್ಯಾಷ್ ಉಪ್ಪೂ ಇದೆ.

ಮನೆಯಲ್ಲಿ ಕೊಬ್ಬರಿ ಎಣ್ಣೆ ಧಾರಾಳವಾಗಿರುವಾಗ ಅದನ್ನೇ ಬಳಿದರಾಗದೆ ಎಂದು ಕೇಳುವವರಿದ್ದಾರೆ. ಕೆಲವು ದಿನ ನೀರು ತಡೆಯುತ್ತದೆ, ಅಷ್ಟೆ. ಕೊಬ್ಬರಿ ಎಣ್ಣೆ ಎಂದೂ ಒಣಗಿ ಪೊರೆಯಾಗುವುದಿಲ್ಲ, ಧೂಳು ಹಿಡಿಯುತ್ತದೆ, ಕಮಟಾದಾಗ ಆಮ್ಲ ಬಿಡುತ್ತದೆ. ಅಗಸೆ ಎಣ್ಣೆಯ ಅಣುಗಳಲ್ಲಿ ಆಮ್ಲಜನಕ ಹಿಡಿದು ಒಂದಕ್ಕೊಂದು ಕೊಂಡಿಯಾಗುವ ಜಾಗಗಳು ಬಹಳ. ಆದ್ದರಿಂದಲೇ ಅದು ಬಣ್ಣದ ಮೂಲವಾಯಿತು. ತಗಡಿಗೆ ಎಪಾಕ್ಸಿ ಪ್ರೈಮರ್ ಅಥವಾ ಸತು ತುಂಬಿದ ಪ್ರೈಮರ್ ಹೊಡೆಯುವುದು ಸರಿಯಾದ ದಾರಿ. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಅಗ್ಗದ ರೆಡ್ ಆಕ್ಸೈಡ್ ಬರೀ ಹೊದಿಕೆ, ಗೀರು ಬಿದ್ದ ಕಡೆ ಕಾಯುವುದಿಲ್ಲ. ಉಜ್ಜಿದ ದಿನವೇ ಪ್ರೈಮರ್ ಹೊಡೆಯಿರಿ. ಮಾಘ, ಫಾಲ್ಗುಣದ ಒಣ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ ಹೊತ್ತು.

ಇಷ್ಟೆಲ್ಲ ಮಾಡಿ ನೀರು ಹೋಗುವ ದಾರಿ ಬಿಡದಿದ್ದರೆ ಹಳೆಯ ಕಥೆಯೇ. ಯುದ್ಧಕಾಲದ ವಿಲ್ಲಿಸ್ ಜೀಪಿನ ನೆಲದಡಿಯ ಪಟ್ಟಿಗಳೊಳಗೆ ಗಟ್ಟಿಯಾಗಲೆಂದು ಮರ ತುರುಕಿದ್ದರು. ಆ ಮರ ನೀರು ಹಿಡಿದು ನೆಲವನ್ನೇ ತಿಂದಿತು. ತಿಪಟೂರಿನ ಕೊಬ್ಬರಿ ತಿಂಗಳುಗಟ್ಟಲೆ ಅಟ್ಟದಲ್ಲಿ ಕೆಡದೆ ಮಾಗುವುದು ಅಟ್ಟದ ನೆಲದ ಸಂದುಗಳಲ್ಲಿ ಗಾಳಿಯಾಡುವುದರಿಂದ. ಜೀಪಿನ ನೆಲಕ್ಕೂ ಅಂಥದೇ ಗಾಳಿ ಬೇಕು. ಮುಚ್ಚಿಹೋದ ಡ್ರೈನ್ ತೂತುಗಳನ್ನು ತಂತಿಯಿಂದ ಬಿಡಿಸಿ, ಪೊಳ್ಳು ಪಟ್ಟಿಗಳೊಳಗೆ ಮೇಣದಂಥ ರಕ್ಷಕವನ್ನು ಸಿಂಪಡಿಸಿ.

ಐವತ್ತು ವರ್ಷ ದಾಟಿದ ಗಾಡಿ ಇದ್ದವರಿಗೆ ಇನ್ನೊಂದು ಮಾತು. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮದಡಿ ಅಂಥವಕ್ಕೆ ‘ವಿಎ’ ಅಕ್ಷರಗಳಿರುವ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಬಾಡಿ ಅಥವಾ ಎಂಜಿನ್ನಿನ ಮೂಲರೂಪ ಬದಲಾಗಿರಬಾರದು. ಆದ್ದರಿಂದ ಬಾಡಿಯನ್ನು ಗುಜರಿಗೆ ಹಾಕಿ ಬೇರೆ ಆಕಾರದ್ದು ಕಟ್ಟಿಸುವ ಮುನ್ನ ಯೋಚಿಸಿ.

ಗೊಬ್ಬರ ಇಳಿಸಿದ ದಿನವೇ ಜೀಪಿನ ಒಳಗನ್ನು ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಪೊಟ್ಯಾಷ್ ನೀರಿನಲ್ಲಿ ಪೂರ್ತಿ ಕರಗುತ್ತದೆ, ತೊಳೆದರೆ ಹೋಗುತ್ತದೆ. ಆಮೇಲೆ ಮ್ಯಾಟ್ ತೆಗೆದು, ಬಾಗಿಲು ತೆರೆದು, ನೆಲ ಒಣಗುವವರೆಗೆ ಬಿಸಿಲಿಗೆ ನಿಲ್ಲಿಸಿ.