ಎಷ್ಟು ಅಡಿ?

ಬೆಳಗಿನ ಆರೂವರೆ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ಬೇಯುವ ಮೊದಲೇ ಪ್ರಶ್ನೆ ಸಿದ್ಧ: ‘ಕಟ್ಟೆ ಎಷ್ಟ್ ಅಡಿ ಆಯ್ತು?’ ಪೇಪರ್ ಹಿಡಿದವರು ತಲೆಬರಹ ಬಿಟ್ಟು ಮೂಲೆಯ ಪುಟ್ಟ ಚೌಕಕ್ಕೆ ಕಣ್ಣು ಹಾಯಿಸುತ್ತಾರೆ. ಕೆಆರ್‌ಎಸ್‌ ತುಂಬಿದರೆ 124.80 ಅಡಿ, ಇಲ್ಲಿನ ಮಕ್ಕಳಿಗೂ ಇದು ಬಾಯಿಪಾಠ. ಅಂಕಿ ಏರಿದ್ದರೆ ಇನ್ನೊಂದು ಬೈಟು ಕಾಫಿ. ನೂರರ ಕೆಳಗಿಳಿದಿದ್ದರೆ ಮಾತು ನೆಟ್ಟಗೆ ತಮಿಳುನಾಡಿಗೆ ಹೊರಳುತ್ತದೆ.

ಈ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಸಿಮೆಂಟಿಲ್ಲ, ಸುರ್ಕಿ ಗಾರೆ. ನೂರು ವರ್ಷದ ಮೇಲೆ, 2011ರಲ್ಲಿ, ಪೂರ್ವ ಆಫ್ರಿಕಾದ ಇಥಿಯೋಪಿಯಾ ನೀಲಿ ನೈಲ್‌ಗೆ ಅಡ್ಡಲಾಗಿ ಕಟ್ಟೆ ಕಟ್ಟಲು ಹೊರಟಿತು. ತನ್ನ ಜನರಿಗೇ ಬಾಂಡ್ ಮಾರಿ ದುಡ್ಡು ಹೊಂದಿಸಿ, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿತು. ಅದಕ್ಕೆ ಕೆಳಗಿನ ಈಜಿಪ್ಟಿನ ತಕರಾರು. ಆ ಜಗಳವನ್ನು ಮಂಡ್ಯ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದ್ರಾಸಿನೊಡನೆ 1924ರಲ್ಲಿ ಆದ ನೀರಿನ ಒಪ್ಪಂದದ ಮಾತು ನಿನ್ನೆಯದೆಂಬಂತೆ ಇಲ್ಲಿ ಈಗಲೂ ಬರುತ್ತದೆ.

ಊರಾಚೆ ಹೊಸ ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್ ಅದರ ಮುಖ್ಯ ಪಥಕ್ಕೆ ಹತ್ತುವಂತಿಲ್ಲ. ಕಾರುಗಳು ಊರಿನ ಮುಖ ನೋಡದೆ ಮೈಸೂರು ಸೇರುತ್ತವೆ. ಕಬ್ಬಿನ ಲೋಡು ಗರಿಯಿಂದ ನೆಲ ಗುಡಿಸುತ್ತ ಸರ್ವಿಸ್ ರಸ್ತೆಯಲ್ಲಿ ತೆವಳುತ್ತದೆ.

ಪಾಂಡವಪುರದ ಕಡೆ ಹೊರಳಿದರೆ ಗಾಳಿಯೇ ಸಿಹಿ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೊದಲು ಬೂದು ನೊರೆಯಾಗಿ ಉಕ್ಕುತ್ತದೆ. ಮಡ್ಡಿ ಎತ್ತಿದ ಮೇಲೆ ಜೇನಿನ ಬಣ್ಣ. ಗುಳ್ಳೆ ದಪ್ಪಗಾಗಿ ಲೊಳಕ್ ಲೊಳಕ್ ಎನ್ನುತ್ತದೆ. ಒಲೆಗೆ ಒಣರಚ್ಚು ತುರುಕುವವರು, ಅಚ್ಚು ಹಾಕುವವರು ಉತ್ತರದ ಕಡೆಯಿಂದ ಬಂದ ಹುಡುಗರು. ಅವರವರ ಮಾತು ಹಿಂದಿ. ಹದ ತಿಳಿಸುವ ಮಾತು ಮಾತ್ರ ಕನ್ನಡ: ‘ಪಾಕ ಬಂತು!’ ನಮ್ಮ ಹುಡುಗರೆಲ್ಲಿ ಎಂದರೆ ಎಲ್ಲರೂ ಬೆಂಗಳೂರಿನ ದಿಕ್ಕಿಗೆ ಕೈ ತೋರಿಸುತ್ತಾರೆ. ಇಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆ ಹಲವು ವರ್ಷ ನಿಂತೇಹೋಗಿತ್ತು. 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ರೈತರ ಷೇರಿನಲ್ಲಿ ಎದ್ದ ಚಿಮಣಿ ಅದು ಎಂದು ಹಳಬರು ನಿಟ್ಟುಸಿರಿಡುತ್ತಾರೆ. ನಿಂತ ಗಾಣಕ್ಕಿಂತ ತಿರುಗುವ ಗಾಣವೇ ವಾಸಿ ಎಂದು ನನಗನಿಸುತ್ತದೆ. ಕಬ್ಬು ಹೊತ್ತವರಿಗೆ ಕಾಯಲು ಪುರುಸೊತ್ತಿರುವುದಿಲ್ಲ.

ಕೆ.ಆರ್.ಪೇಟೆಯದು ಹೇಮಾವತಿಯ ಲೆಕ್ಕ. ಹೇಮಗಿರಿ, ಮಂದಗೆರೆ ಅಣೆಗಳ ಕೆಳಗೆ ತೆಂಗು, ಭತ್ತ, ಹಸಿರೋ ಹಸಿರು. ನಾಲೆ ಏರಿಯ ಮೇಲ್ಮಗ್ಗುಲಿಗೆ ಹತ್ತಿದರೆ ಹುರುಳಿ, ರಾಗಿ. ನಡುವೆ ಇರುವುದು ಎತ್ತಿನಗಾಡಿಯಷ್ಟು ಅಗಲದ ದಾರಿ. ಹೆಣ್ಣು ಕೊಡುವವರು ನೋಡುವುದೂ ಅದನ್ನೇ: ಜಮೀನು ದಾರಿಯ ಕೆಳಗೋ, ಮೇಲೋ?

ನಾಗಮಂಗಲ ಮುಟ್ಟುವ ಹೊತ್ತಿಗೆ ಮಣ್ಣು ಕೆಂಪಾಗಿ, ಬಂಡೆ ಮೇಲೆದ್ದಿರುತ್ತದೆ. ಹಿತ್ತಾಳೆ ವಿಗ್ರಹಕ್ಕೆ ಹೆಸರಾದ ಊರು. ಕೆರೆಗೆ ಹೇಮಾವತಿ ನಾಲೆಯ ನೀರು ಬಂದ ವರ್ಷ ಗೆದ್ದರು. ಬಾರದ ವರ್ಷ ಬೋರು. ರಸ್ತೆ ಪಕ್ಕದ ತೋಟವೊಂದರಲ್ಲಿ ಮಧ್ಯಾಹ್ನದಿಂದ ಕೊರೆಯುತ್ತಿದ್ದರು. ಬಿಳಿ ಧೂಳು ತೆಂಗಿನ ಗರಿಯ ಮೇಲೆಲ್ಲ ಕೂತಿತ್ತು. ಗಂಧದಕಡ್ಡಿ, ಹೋಳಾದ ತೆಂಗಿನಕಾಯಿ, ಸೆರಗು ಬಾಯಿಗೊತ್ತಿ ನಿಂತ ಮನೆಯಾಕೆ. ಬೈಕು ನಿಲ್ಲಿಸಿದ ದಾರಿಹೋಕನೊಬ್ಬ ಬೆಳಗಿನ ಪ್ರಶ್ನೆಯನ್ನೇ ಕೇಳಿದ:

‘ಎಷ್ಟ್ ಅಡಿ ಆಯ್ತು?’

‘ಎಂಟ್ನೂರು ದಾಟ್ತು. ಇನ್ನೂ ಧೂಳೇ.’

ಕೊರೆಯುತ್ತಿದ್ದ ಲಾರಿಯ ನಂಬರ್ ಪ್ಲೇಟು ತಮಿಳುನಾಡಿನದು.