ಇನ್ನೂ ಕುಡಿಯದವರ ಮೆದುಳು

ಕಟಪಾಡಿ ಪೇಟೆಯಲ್ಲಿ ಬಸ್ಸಿಗೆ ನಿಂತವರು ‘ಉಡುಪಿ, ಉಡುಪಿ, ಉಡುಪಿ’ ಎಂಬ ಕಂಡಕ್ಟರುಗಳ ಕೂಗನ್ನು ಕೇಳಿಯೂ ಕೇಳದವರಂತೆ ಇರುತ್ತಾರೆ. ಅದರ ನಡುವೆ ಒಮ್ಮೆ ‘ಶಿರ್ವ!’ ಅಂದದ್ದೇ ತಡ, ಶಂಕರಪುರಕ್ಕೆ ಹೋಗಬೇಕಾದವರ ಕತ್ತು ಆ ಕಡೆ ಹೊರಳುತ್ತದೆ. ಕತ್ತಿಗಿಂತ ಮೊದಲು ಹೊರಳುವುದು ಮೆದುಳು. ಒಂದೇ ಬಗೆಯ ಸದ್ದುಗಳ ನಡುವೆ ಬೇರೆಯದೊಂದು ಸುಳಿದರೆ, ಸುಮಾರು 300 ಮಿಲಿಸೆಕೆಂಡಿನ ಹೊತ್ತಿಗೆ ನೆತ್ತಿಗೆ ಅಂಟಿಸಿದ ತಂತಿಗಳಲ್ಲಿ ಒಂದು ಅಲೆ ಏಳುತ್ತದೆ. ಅದಕ್ಕೆ ಪಿ-300 ಎಂದು ಹೆಸರು. ಕುಡಿತ ಮತ್ತು ಬೆಳೆಯುವ ಮೆದುಳಿನ ನಂಟನ್ನು ಓದಲು ಹೊರಟ ವಿದ್ಯಾರ್ಥಿಗೆ ಈ ಅಲೆಯನ್ನು ಅಳೆಯುವುದು ಮೊದಮೊದಲ ಪಾಠಗಳಲ್ಲೊಂದು.

1984ರಲ್ಲಿ ನ್ಯೂಯಾರ್ಕಿನ ಹೆನ್ರಿ ಬೆಗ್ಲೈಟರ್ ಮತ್ತು ಸಂಗಡಿಗರು 7ರಿಂದ 13 ವರ್ಷದ ಹುಡುಗರಲ್ಲಿ ಈ ಅಲೆಯನ್ನು ಅಳೆದರು. ಅಪ್ಪಂದಿರಿಗೆ ಕುಡಿತದ ಚಟ. ಹುಡುಗರು ಹನಿಯನ್ನೂ ಮುಟ್ಟಿದವರಲ್ಲ. ಆದರೂ ಅವರ ಅಲೆ ಉಳಿದ ಮಕ್ಕಳದಕ್ಕಿಂತ ಗಿಡ್ಡವಾಗಿತ್ತು. ಕುಡಿತ ಮೆದುಳನ್ನು ಹಾಳುಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಮೊದಲ ಗುಟುಕಿಗೂ ಮುಂಚೆ ಮೆದುಳಿನಲ್ಲಿ ಏನಿತ್ತು ಎಂಬುದು ಹೊಸ ಪ್ರಶ್ನೆ.

ಆ ಪ್ರಶ್ನೆ ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿ ಬೇರೂರಿದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಲ್ಲಿನ ವ್ಯಸನ ಚಿಕಿತ್ಸಾ ಕೇಂದ್ರದ ಡಾ. ವಿವೇಕ್ ಬೆನಗಲ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಒಂದು ಎಂಆರ್‌ಐ ಅಧ್ಯಯನ ಪ್ರಕಟಿಸಿದರು. ಮದ್ಯ ಮುಟ್ಟದಿದ್ದರೂ ಮನೆತನದಲ್ಲಿ ಕುಡಿತದ ಹೊರೆ ಇದ್ದ 20 ಮಂದಿ ಒಂದು ಕಡೆ, ಅಂಥ ಹೊರೆ ಇಲ್ಲದ 21 ಮಂದಿ ಇನ್ನೊಂದು ಕಡೆ. ಮೊದಲ ಗುಂಪಿನವರಲ್ಲಿ ಭಾವನೆ, ಸಂಯಮಗಳಿಗೆ ಸಂಬಂಧಿಸಿದ ಕೆಲವು ಭಾಗಗಳ ಬೂದುದ್ರವ್ಯ ಕಡಿಮೆ ಕಂಡಿತು. ಇದು ಜಾತಕವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಗಿಡ್ಡ ಅಲೆಯ ಮಕ್ಕಳೆಲ್ಲ ಕುಡುಕರಾಗುವುದಿಲ್ಲ. ಅದೇ ಅಲೆ ಬೇರೆ ತೊಂದರೆಗಳಲ್ಲೂ ಗಿಡ್ಡವಿರುತ್ತದೆ.

ತರಬೇತಿಯ ಕಷ್ಟದ ಭಾಗ ಯಂತ್ರಗಳದ್ದಲ್ಲ, ಮಾತಿನದು. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯಲ್ಲಿ ಇರುವುದು 10 ಪ್ರಶ್ನೆ. ಕುಡಿಯುವ ದಿನ ಎಷ್ಟು ಡ್ರಿಂಕ್ ಎಂದು ಅದು ಕೇಳುತ್ತದೆ. ನಮ್ಮವರು ಡ್ರಿಂಕಿನಲ್ಲಿ ಕುಡಿಯುತ್ತಾರೆಯೇ? ನೈಂಟಿಯಲ್ಲಿ, ಕ್ವಾರ್ಟರಿನಲ್ಲಿ ಕುಡಿಯುತ್ತಾರೆ. ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್, ವಿಸ್ಕಿಯಲ್ಲಾದರೆ ಸುಮಾರು 30 ಮಿಲಿಲೀಟರ್. ಹಾಗಾಗಿ ‘ಬರೀ ಒಂದು ನೈಂಟಿ’ ಅಂದವನ ಹೆಸರಿನ ಮುಂದೆ 3 ಬರೆಯಬೇಕು, ಕ್ವಾರ್ಟರಿಗೆ 6. ಕರಾವಳಿಗೆ ಬಂದರೆ ಲೆಕ್ಕ ಇನ್ನೂ ತೊಡಕು. ತುಳುವಿನಲ್ಲಿ ಕಲಿ ಬೇರೆ, ಗಂಗಸರ ಅಂದರೆ ಸಾರಾಯಿ ಬೇರೆ. ಕಲಿ ಎಂದರೆ ಮೂರ್ತೆದಾರರು ಇಳಿಸುವ ಕಳ್ಳು. ಬೆಳಿಗ್ಗೆ ಸಿಹಿಯಾಗಿದ್ದದ್ದು ಹೊತ್ತೇರಿದಂತೆ ಹುಳಿತು ಖಡಕ್ಕಾಗುತ್ತದೆ. ಒಂದೇ ಕುಡಿಕೆ, ಹೊತ್ತಿಗೊಂದು ಗ್ರಾಂ. ಅದರ ಮೇಲೆ, ಗಂಡ ‘ಒಂದು’ ಅನ್ನುವಾಗ ಹಿಂದೆ ನಿಂತ ಹೆಂಡತಿ ಕಣ್ಣಲ್ಲೇ ‘ಮೂರು’ ಅನ್ನುತ್ತಾಳೆ. ಬರೆದುಕೊಳ್ಳುವುದು ಯಾವುದನ್ನು? ಇದು ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ. ಹಿರಿಯರ ಪಕ್ಕದಲ್ಲಿ ಕೂತು, ಹತ್ತಾರು ಮನೆಗಳ ಕಥೆ ಕೇಳಿ ಬರಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ 8 ದಿನಗಳ ಮದ್ಯವರ್ಜನ ಶಿಬಿರದಲ್ಲೋ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯ ಜಗಲಿಯಲ್ಲೋ ಒಂದು ದಿನ ಸುಮ್ಮನೆ ಕೂತರೂ ಸಂಶೋಧಕನಿಗೆ ಅರ್ಧ ವಿದ್ಯೆ ಬಂದೀತು ಎಂದು ನನಗನಿಸುತ್ತದೆ.

ಮಾತು ಒಲ್ಲದವರಿಗೆ ಸೂಕ್ಷ್ಮದರ್ಶಕವಿದೆ. ಇಟಲಿಯ ಕ್ಯಾಮಿಲ್ಲೋ ಗಾಲ್ಗಿ 1873ರಲ್ಲಿ ಕಂಡುಹಿಡಿದ ಬೆಳ್ಳಿಯ ಬಣ್ಣಗಾರಿಕೆಗೆ ಇನ್ನೂ ವಯಸ್ಸಾಗಿಲ್ಲ. ನೂರು ನರಕೋಶಗಳಲ್ಲಿ ಕೆಲವೇ ಕೆಲವು ಕಪ್ಪಾಗುತ್ತವೆ, ಆದರೆ ಕವಲು ಕವಲೂ ಕಾಣುವಂತೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಿಂದ, ನೆನಪಿನ ನೆಲೆಯಾದ ಹಿಪೊಕ್ಯಾಂಪಸ್‌ನ ನರಕೋಶಗಳನ್ನು ಹೀಗೆ ಕವಲೆಣಿಸಿ ಬರೆದ ಪ್ರಬಂಧಗಳು ಬಂದಿವೆ. ಇಲಿಮರಿ ಹುಟ್ಟಿದ ಮೊದಲ ಹತ್ತು ದಿನದ ಮೆದುಳಿನ ಬೆಳವಣಿಗೆ, ಮನುಷ್ಯರ ಬಸಿರಿನ ಕೊನೆಯ ಮೂರು ತಿಂಗಳಿಗೆ ಹೆಚ್ಚುಕಡಿಮೆ ಸಮ. ಬಸುರಿಯ ಕುಡಿತ ಮಗುವಿಗೆ ಏನು ಮಾಡುತ್ತದೆ ಎಂಬುದನ್ನು ಪ್ರಯೋಗಾಲಯಗಳು ಇಲಿಮರಿಯಲ್ಲಿ ಹುಡುಕುವುದು ಇದೇ ಕಾರಣಕ್ಕೆ. ಕಟಪಾಡಿಯ ಪಿಯುಸಿ ಮಕ್ಕಳಿಗೆ ಆಸಕ್ತಿ ಇದ್ದರೆ ಮಣಿಪಾಲದ ಅಂಗರಚನಾ ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ. ಬೆಂಗಳೂರಿಗೆ ಹೋದವರಿಗೆ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯವಿದೆ, ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ದಶಕಗಳ ಕಾಲ ಕೂಡಿಟ್ಟದ್ದು.

ಈ ವಿದ್ಯೆಯ ದೊಡ್ಡ ಪೇಚು ಕಾಲದ್ದು. ದುಡುಕಿಗೆ ಕಡಿವಾಣ ಹಾಕುವ ಹಣೆಯ ಹಿಂದಿನ ಭಾಗ ಪೂರ್ತಿ ಮಾಗುವುದಕ್ಕೆ ಇಪ್ಪತ್ತು ದಾಟಿ ಇಪ್ಪತ್ತೈದರ ತನಕವೂ ಹಿಡಿಯುತ್ತದೆ. ಪಿಎಚ್‌ಡಿ ಐದಾರು ವರ್ಷದಲ್ಲಿ ಮುಗಿಯಬೇಕು. ಯಾವ ವಿದ್ಯಾರ್ಥಿಯೂ ಒಂದು ಮೆದುಳನ್ನು ಮೊದಲಿಂದ ಕೊನೆಯವರೆಗೆ ನೋಡಲಾರ. ಹಾಗಾಗಿ ಕೂಡುಕುಟುಂಬದ ಬೇಸಾಯದಂತೆ ಇಲ್ಲಿ ಬಿತ್ತುವವರು ಒಬ್ಬರು, ಕೊಯ್ಯುವವರು ಇನ್ನೊಬ್ಬರು. ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಕೂಡಿ ನಡೆಸಿದ ‘ಸಿ-ವೇದ’ ಅಧ್ಯಯನ ಇಂಥದ್ದು. ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು 9,000 ಮಂದಿಯನ್ನು ಅದು ಸೇರಿಸಿಕೊಂಡಿತು. ಇಂಫಾಲ, ಚಂಡೀಗಢಗಳ ಜೊತೆ ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಒಂದು ಕೇಂದ್ರ. ಅಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಬೇರೊಂದು ಅಧ್ಯಯನಕ್ಕಾಗಿ ತಾಯಿಯ ಬಸಿರಿನ ದಿನಗಳಿಂದಲೇ ಗಮನಿಸುತ್ತ ಬಂದಿದ್ದರು. ಆ ಹಳೆಯ ಕಡತಗಳಿಂದ ಮೆದುಳಿನವರಿಗೆ ನಿಧಿ ಸಿಕ್ಕಂತಾಯಿತು.

ಮೊದಲ ಸುತ್ತಿನಲ್ಲಿ 6 ವರ್ಷದವರಾಗಿದ್ದವರು ಈಗ ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾರೆ. ಅಂದು ಅವರೆದುರು ಪ್ರಶ್ನಾವಳಿ ಹಿಡಿದು ಕೂತಿದ್ದವರಲ್ಲಿ ಎಷ್ಟೋ ಮಂದಿ ಬೇರೆ ಊರು, ಬೇರೆ ಕೆಲಸ ಸೇರಿರುತ್ತಾರೆ. ಮುಂದಿನ ಸಲ ಅದೇ ಹುಡುಗರೆದುರು ಕೂತು ‘ಕಳೆದ ತಿಂಗಳು ಏನಾದರೂ ಕುಡಿದಿದ್ದೆಯಾ?’ ಎಂದು ಕೇಳಬೇಕಾದವರು ಇನ್ನೂ ಯಾವುದೋ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿರಬಹುದು.