ಫೌಂಡ್ರಿಯ ಲೆಕ್ಕ ವೆಬ್ ಆ್ಯಪ್‌ಗೆ ಬರುವ ದಾರಿ

ಶಿವಮೊಗ್ಗದ ರಾಗಿಗುಡ್ಡದಿಂದ ಭದ್ರಾವತಿ ಕಡೆ ಹೊರಟರೆ ದಾರಿಯಲ್ಲೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ; ಮುಂದೆ, 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆ. ಇದು ಎರಕದ ಸೀಮೆ. ಇಡೀ ವಹಿವಾಟನ್ನು ನಿರ್ವಹಿಸುವ ಇಆರ್‌ಪಿ ತಂತ್ರಾಂಶ ಬಳಸುವ ಫೌಂಡ್ರಿಯಲ್ಲಿ ಎಷ್ಟು ಕಬ್ಬಿಣ ಉಳಿದಿದೆ, ಯಾವ ಆರ್ಡರ್ ಎಂದು ಹೊರಡಬೇಕು ಎಂಬ ಲೆಕ್ಕವೆಲ್ಲ ಡೇಟಾಬೇಸ್‌ನಲ್ಲಿರುತ್ತದೆ. ದಿನಕ್ಕೊಮ್ಮೆ ಎಕ್ಸೆಲ್‌ಗೆ ಇಳಿಸಿ ಹಂಚಿದರೆ ಸಾಲದೇ? ಸಾಲದು. ಬೆಳಗ್ಗೆ ಇಳಿಸಿದ ಹಾಳೆಗೆ ಮಧ್ಯಾಹ್ನ ಕರಗಿದ ಕಬ್ಬಿಣದ ಸುದ್ದಿ ಗೊತ್ತಿರುವುದಿಲ್ಲ. ವೆಬ್ ಆ್ಯಪ್ ಡೇಟಾಬೇಸನ್ನೇ ಕೇಳಬೇಕು. ಇಬ್ಬರ ನಡುವಿನ ದುಭಾಷಿಯೇ ಡ್ರೈವರ್. ಜಾವಾದಲ್ಲಿ ಅದು ಪಾಲಿಸುವ ನಿಯಮ 1997ರಲ್ಲಿ ಬಂದ ಜೆಡಿಬಿಸಿ.

ಹೀಗೆ ಬಾಗಿಲು ತೆರೆದರೆ ಲೆಕ್ಕ ಕೆಡುವುದಿಲ್ಲವೇ? ಈ ಭಯ ನ್ಯಾಯವಾದದ್ದೇ. ಅದಕ್ಕೇ ಆ್ಯಪ್‌ಗೆ ಓದುವ ಹಕ್ಕು ಮಾತ್ರವಿರುವ ಬೇರೆ ಖಾತೆ ಕೊಡಿ. ಬೇಕಾದ ಕಾಲಂಗಳಷ್ಟೇ ಕಾಣುವ ವ್ಯೂ ಮಾಡಿ. ಬಳಕೆದಾರ ಟೈಪ್ ಮಾಡಿದ ಆರ್ಡರ್ ನಂಬರನ್ನು ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆಗೆ, ಅಂದರೆ ಕ್ವೆರಿಗೆ, ನೇರ ಅಂಟಿಸಬೇಡಿ. ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ನಂಬರನ್ನು ಪ್ರತ್ಯೇಕವಾಗಿ ಕಳಿಸಿ. ಆಗ ಅದು ಬರೀ ಮಾಹಿತಿಯಾಗಿ ಉಳಿಯುತ್ತದೆ, ಆಜ್ಞೆಯಾಗಿ ಓಡುವುದಿಲ್ಲ. ಸರ್ವರ್‌ಗೆ ಹೊರೆಯಾದೀತು ಎನ್ನುವವರಿಗೆ ಕನೆಕ್ಷನ್ ಪೂಲ್ ಇದೆ: ಪ್ರತಿ ಸಲ ಹೊಸ ಸಂಪರ್ಕ ತೆರೆಯದೆ, ತೆರೆದಿಟ್ಟ ಕೆಲವನ್ನೇ ಸರದಿಯಲ್ಲಿ ಬಳಸುತ್ತದೆ. ನಕಲು ಪ್ರತಿ ಹಂಚುವುದಕ್ಕಿಂತ ಕಾವಲಿರುವ ಬಾಗಿಲೇ ಭದ್ರ.